ನಕ್ಷೆಗೆ ಬಣ್ಣ ಹಾಕುವ ಮೊದಲು ನಮ್ಮನ್ನು ಕೇಳಿ

ನಿನ್ನೆಯಿಂದ ತಲೆ ಬಿಸಿಯಾಗಿದೆ. ಇಲ್ಲಿ ಬರೆಯದೆ ಸಮಾಧಾನ ಆಗಲಿಕ್ಕಿಲ್ಲ.

ನಮ್ಮ ಕಾಸರಗೋಡಿನಲ್ಲಿ ವಿಪತ್ತು ನಿರ್ವಹಣೆಯ ಯೋಜನೆಗೆ ಊರವರ ಅಭಿಪ್ರಾಯ ಕೇಳುತ್ತಾರೆ ಅಂತ ಕರೆ ಬಂದಿತ್ತು. ಕರೆದದ್ದು ಯಾರು ಅಂತ ಬರೆಯುವುದಿಲ್ಲ. ನನಗೆ ಒಬ್ಬಿಬ್ಬರ ಮೇಲೆ ಸಿಟ್ಟಲ್ಲ, ಕೆಲಸ ಮಾಡುವ ರೀತಿಯ ಮೇಲೆ ಸಿಟ್ಟು. ಖುಷಿಯಿಂದಲೇ ಹೋದೆ. ಹೋಗಿ ನೋಡಿದರೆ ಯೋಜನೆ ಆಗಲೇ ಅಚ್ಚಾಗಿ, ಬೈಂಡ್ ಆಗಿ ಮೇಜಿನ ಮೇಲೆ ಇದೆ! ನೆರೆ ಬರುವ ಜಾಗಕ್ಕೆಲ್ಲ ನಕ್ಷೆಯಲ್ಲಿ ಬಣ್ಣ ತುಂಬಿ ಆಗಿದೆ. ನೆರೆ ಬಂದಾಗ ಜನರನ್ನು ಇರಿಸುವ ಕ್ಯಾಂಪ್ ಯಾವ ಶಾಲೆಯಲ್ಲಿ ಅಂತ ತೀರ್ಮಾನ ಆಗಿದೆ. ಇನ್ನು ನಮ್ಮ ಅಭಿಪ್ರಾಯ ಎಲ್ಲಿ ಸೇರುತ್ತದೆ? ಸಹಿ ಹಾಕುವ ಪುಸ್ತಕ ಮಾತ್ರ ಕೈಯಿಂದ ಕೈಗೆ ಬರುತ್ತಾ ಇತ್ತು.

ನನ್ನ ಪಕ್ಕ ಕೂತಿದ್ದ ಅಕ್ಕನ ಮನೆ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ. ತುಂಬ ಹೊತ್ತು ಸುಮ್ಮನಿದ್ದವರು ಎದ್ದು ಸೀದಾ ಪರದೆಯ ಹತ್ತಿರ ಹೋದರು. ನಕ್ಷೆಯ ಮೇಲೆ ಬೆರಳಿಟ್ಟು, "ಸಾರ್, ನಮ್ಮಲ್ಲಿಗೆ ನೀರು ಹೊಳೆಯಿಂದ ಬರುವುದಲ್ಲ, ಹಿಂದಿನಿಂದ ಬರುವುದು" ಅಂದರು. ರಸ್ತೆ ಎತ್ತರ ಮಾಡಿದ ಮೇಲೆ ಗುಡ್ಡೆಯ ನೀರಿಗೆ ಹೋಗಲು ದಾರಿ ಇಲ್ಲ. ಅಲ್ಲಿರುವ ಮೋರಿ ಸಣ್ಣದು, ಅದರಲ್ಲೂ ಅರ್ಧ ಮಣ್ಣು. ನೀರು ಅಲ್ಲೇ ತಿರುಗಿ ಇವರ ಅಡುಗೆ ಕೋಣೆಗೆ ನುಗ್ಗುತ್ತದೆ. ಗ್ರೈಂಡರಿನ ಅರ್ಧದವರೆಗೆ ಬಂದಿತ್ತು ಅಂತ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದರು. ಮತ್ತೆ ಇನ್ನೊಂದು ಮಾತು ಹೇಳಿದರು. ಕ್ಯಾಂಪ್ ಅಂತ ಬರೆದಿರುವ ಶಾಲೆಗೆ ಹೋಗಬೇಕಾದರೆ ಅದೇ ಮೋರಿಯನ್ನು ದಾಟಬೇಕು. ಮೊದಲು ಮುಳುಗುವುದೇ ಆ ಜಾಗ.

ಉತ್ತರ ಏನು ಬಂತು ಗೊತ್ತಾ? "ಬರೆದು ಕೊಡಿ ಅಮ್ಮಾ, ಮುಂದಿನ ಸಲ ಸೇರಿಸುವ."

ಮುಂದಿನ ಸಲ ಅಂದರೆ ಯಾವಾಗ? ಮಳೆ ಕಾಯುತ್ತದಾ? ಅಚ್ಚಾದ ಪುಸ್ತಕದಲ್ಲಿ ಇಷ್ಟು ದೊಡ್ಡ ತಪ್ಪು ಇದೆ. ಅದನ್ನು ಹಿಡಿಯಲು ಆ ಅಕ್ಕನಿಗೆ ಒಂದು ನಿಮಿಷ ಸಾಕಾಯಿತು. ಯೋಜನೆ ಮಾಡುವ ಮೊದಲು ಅವರ ಅಂಗಳಕ್ಕೆ ಒಬ್ಬರು ಹೋಗಿದ್ದರೆ ಆಗುತ್ತಿತ್ತು ಅಲ್ವಾ? ನಾನು ಹೇಳುವುದು ಇಷ್ಟೇ. ಜನರನ್ನು ಕರೆಯಬೇಕಾದದ್ದು ನಕ್ಷೆ ಖಾಲಿ ಇರುವಾಗ.

ನಮ್ಮ ಜಿಲ್ಲೆ ಒಂದೇ ಅಳತೆಗೆ ಸಿಗುವ ಜಾಗ ಅಲ್ಲ. ಇಷ್ಟು ಸಣ್ಣ ಜಿಲ್ಲೆಯಲ್ಲಿ 12 ಹೊಳೆಗಳು. ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರಬಹುದು ಅಂತ. ಅದು ಬೇಕು, ಬೇಡ ಅಂತ ಹೇಳುವುದಿಲ್ಲ. ಆದರೆ ಅದು ಇಡೀ ಜಿಲ್ಲೆಗೆ ಕೊಡುವ ಎಚ್ಚರಿಕೆ. ಅಷ್ಟೇ ಮಳೆ ಬಂದರೂ ಚಂದ್ರಗಿರಿ ಹೊಳೆಯ ಅಳಿವೆಯ ಹತ್ತಿರ ಒಂದು ದಿನ ನೀರು ಇಳಿದು ಹೋಗುತ್ತದೆ, ಇನ್ನೊಂದು ದಿನ ಅಲ್ಲೇ ನಿಲ್ಲುತ್ತದೆ. ಯಾಕೆ? ಸಮುದ್ರದಲ್ಲಿ ಭರತ (ಉಬ್ಬರ) ಇದ್ದರೆ ಹೊಳೆಯ ನೀರು ಹೊರಗೆ ಹೋಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅದು ಇನ್ನೂ ಜಾಸ್ತಿ. ಕಸಬಾ ಕಡಪ್ಪುರದಲ್ಲಿ ದೋಣಿ ಇಳಿಸುವವರಿಗೆ ಇದು ಬಾಯಿಪಾಠ. ಮಧೂರಿನವರಿಗೆ ಮಧುವಾಹಿನಿ ಹೊಳೆ ಯಾವ ಮೆಟ್ಟಿಲಿಗೆ ಬಂದರೆ ದೇವಸ್ಥಾನದ ಅಂಗಳಕ್ಕೆ ನೀರು ಬರುತ್ತದೆ ಅಂತ ಗೊತ್ತಿದೆ. ಇವರಲ್ಲಿ ಕೂತು ಕೇಳಿ ಬರೆದುಕೊಳ್ಳಲು ಎಷ್ಟು ಖರ್ಚು?

ಗುಡ್ಡೆಯ ಕಡೆಯ ಕಥೆ ಬೇರೆ. ನಮ್ಮಲ್ಲಿ ತೋಟಕ್ಕೆ ನೀರು ಬರುವುದು ಸುರಂಗದಿಂದ. ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗ ಅದು. ಅದರ ನೀರನ್ನು ದಿನಾ ನೋಡುವವರಿಗೆ ಗುಡ್ಡೆಯ ಒಳಗೆ ಏನಾಗುತ್ತಿದೆ ಅನ್ನುವುದರ ಒಂದು ಅಂದಾಜು ಇರುತ್ತದೆ. ತಿಳಿನೀರು ಒಮ್ಮೆಲೇ ಕೆಂಪಾದರೆ, ಇಲ್ಲದ ಜಾಗದಲ್ಲಿ ಹೊಸದಾಗಿ ಒರತೆ ಎದ್ದರೆ, ಕಂಗು (ಅಡಿಕೆ ಮರ) ವಾಲಿದರೆ, ಅಂಗಳದಲ್ಲಿ ಬಿರುಕು ಕಂಡರೆ ಅಲ್ಲಿ ಮಲಗಬಾರದು. ಗುಡ್ಡೆ ಜರಿಯುವ ಮೊದಲು ಕಾಣುವ ಲಕ್ಷಣಗಳು ಅಂತ ಭೂವಿಜ್ಞಾನಿಗಳೂ ಹೇಳುವುದು ಇವನ್ನೇ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲ ಗುಡ್ಡೆ ಹೆದ್ದಾರಿಗೆ ಜರಿದು ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಗುಡ್ಡೆಯನ್ನು ನೆಟ್ಟಗೆ ಕಡಿದು ನಿಲ್ಲಿಸಿದರೆ ಏನಾಗುತ್ತದೆ ಅಂತ ಮುರಕಲ್ಲಿನ ಪಣೆಯಲ್ಲಿ (ಕೆಂಪು ಕಲ್ಲಿನ ಕೋರೆಯಲ್ಲಿ) ಕೆಲಸ ಮಾಡಿದವರನ್ನು ಕೇಳಿದರೂ ಹೇಳುತ್ತಾರೆ.

ಇದನ್ನು ಹೇಳಿದ ಕೂಡಲೇ ಒಂದು ಮಾತು ಬರುತ್ತದೆ. ನಿನ್ನೆಯೂ ಬಂತು. ಜನರಿಗೆ ವಿಜ್ಞಾನ ಗೊತ್ತಿಲ್ಲ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಕರೆದರೆ ಬರುವುದೂ ಇಲ್ಲ ಅಂತ. ಎಂಜಿನಿಯರು ಬೇಡ ಅಂತ ಯಾರು ಹೇಳಿದರು? ಮೋರಿ ಎಷ್ಟು ಅಗಲ ಬೇಕು ಅಂತ ಲೆಕ್ಕ ಹಾಕಲು ಅವರೇ ಬೇಕು. ಮೋರಿ ಎಲ್ಲಿ ಕಟ್ಟಿಕೊಂಡಿದೆ ಅಂತ ಹೇಳಲು ನಾವು ಬೇಕು. ಇನ್ನು ಜನ ಬರುವುದಿಲ್ಲ ಅನ್ನುವ ಮಾತು. ಕೆಲಸದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಕೂಲಿಗೆ ಹೋಗುವವರು ಹೇಗೆ ಬರುತ್ತಾರೆ? ಬಂದವರ ಕೈಗೆ ಮಲಯಾಳದಲ್ಲಿ ಮಾತ್ರ ಅಚ್ಚಾದ ಪುಸ್ತಕ ಕೊಟ್ಟರೆ, ಕನ್ನಡ ಮಾತ್ರ ಓದಲು ಬರುವ ನಮ್ಮ ಹಿರಿಯರು ಅದರಲ್ಲಿ ಏನು ತಪ್ಪು ಹುಡುಕಬೇಕು? 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇಲ್ಲಿನ ಕನ್ನಡಿಗರಿಗೆ ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಇದೆ. ಪ್ರಾಣಕ್ಕೆ ಸಂಬಂಧಪಟ್ಟ ಕಾಗದದಲ್ಲಾದರೂ ಅದು ಸಿಗಬೇಡವಾ?

ನನಗೆ ಬೇಸರ ಇಷ್ಟು ಜಾಸ್ತಿ ಯಾಕೆ ಅಂದರೆ, ಇದನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಕೇರಳಕ್ಕೆ ಗೊತ್ತಿದೆ. 1996ರಲ್ಲಿ ಊರವರೇ ಕೂತು ಯೋಜನೆ ಮಾಡುವ ಜನಕೀಯ ಯೋಜನೆ ಶುರು ಮಾಡಿದ ರಾಜ್ಯ ಇದು. 2018ರ ನೆರೆಯಲ್ಲಿ ದೋಣಿಗಳನ್ನು ಲಾರಿಗೆ ಹಾಕಿಕೊಂಡು ಹೋಗಿ ಸಾವಿರಾರು ಜನರನ್ನು ಬದುಕಿಸಿದ್ದು ಮೀನುಗಾರರು. ಆ ಮೇಲೆ 2020ರಲ್ಲಿ "ನಮ್ಮಳ್ ನಮುಕ್ಕಾಯಿ" (ನಾವು ನಮಗಾಗಿ) ಅಂತ ಅಭಿಯಾನ ಮಾಡಿ, ಪ್ರತಿಯೊಂದು ಪಂಚಾಯತು, ನಗರಸಭೆ ತನ್ನದೇ ವಿಪತ್ತು ಯೋಜನೆ ಮಾಡಬೇಕು ಅಂತ ಹೊರಟದ್ದೂ ಇಲ್ಲೇ. ಕೋಟ್ಟಯಂ ಕಡೆಯ ಮೀನಚ್ಚಿಲ್ ಹೊಳೆಯ ಉದ್ದಕ್ಕೂ ಊರವರು, ಶಾಲೆ ಮಕ್ಕಳು ಮಳೆ ಅಳೆದು ಕೆಳಗಿನವರಿಗೆ ಸುದ್ದಿ ಮುಟ್ಟಿಸುತ್ತಾರೆ. ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಅನ್ನುವ ಪರಿಸರ ಸಂಸ್ಥೆಯವರು ಊರೂರಲ್ಲಿ ಮಳೆಮಾಪಕ ಇಟ್ಟಿದ್ದರು. 2024ರ ಜುಲೈ 30ರ ಬೆಳಗಿನ ಜಾವ ಗುಡ್ಡೆ ಜರಿದು ಅಲ್ಲಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿ ಹೋಯಿತು. ಅದರ ಹಿಂದಿನ ದಿನವೇ ಅವರು ಆ ಲೆಕ್ಕ ನೋಡಿ ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕೊಟ್ಟಿದ್ದರು. ಇದನ್ನು ನೆನೆಸಿದರೆ ಈಗಲೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

ಒಂದು ವಿಷಯ ಹೇಳುತ್ತೇನೆ, ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ರಾತ್ರಿ ನನಗೆ ಹೆದರಿಕೆ ಆಗುತ್ತದೆ. ಅಮ್ಮ ಎದ್ದು ನಡೆಯುವುದಿಲ್ಲ, ನಿಮಗೆ ಗೊತ್ತಲ್ಲ. ಕರೆಂಟು ಹೋದ ಕೂಡಲೇ ಮೊದಲು ತಲೆಗೆ ಬರುವುದು ಅವರನ್ನು ಎತ್ತಲು ಇನ್ನೊಬ್ಬರು ಯಾರು ಸಿಗುತ್ತಾರೆ ಅಂತ. ನಿನ್ನೆಯ ದಪ್ಪ ಪುಸ್ತಕದಲ್ಲಿ ಆ ಪುಟ ಹುಡುಕಿದೆ. ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ತುಂಬು ಗರ್ಭಿಣಿಯರು ಎಷ್ಟು ಜನ ಅಂತ ಒಂದು ಸಂಖ್ಯೆ ಇದೆ. ಯಾವ ಮನೆ, ಯಾರು ಎತ್ತಬೇಕು, ಯಾವ ಗಾಡಿ, ಅದೊಂದೂ ಇಲ್ಲ. ನಮ್ಮ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರನ್ನು, ಆಶಾ ಕಾರ್ಯಕರ್ತೆಯನ್ನು ಕೂರಿಸಿ ಕೇಳಿದರೆ ಒಂದು ಮಧ್ಯಾಹ್ನದಲ್ಲಿ ಮನೆ ಮನೆ ಲೆಕ್ಕ ಸಿಗುತ್ತದೆ. ಅವರನ್ನು ಕೇಳಿಲ್ಲ.

ಹಾಗಾಗಿ ಅರ್ಜಿ ಬರೆದಿದ್ದೇನೆ, ಕನ್ನಡದಲ್ಲೇ. ಈ ಪುಸ್ತಕವನ್ನು ಕರಡು ಅಂತ ಪರಿಗಣಿಸಬೇಕು. ಮಳೆಗಾಲದ ಮೊದಲು, ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಪ್ರತಿ ತೋಡಿನ ಬದಿಯಲ್ಲಿ ಎಂಜಿನಿಯರು, ಊರವರು ಒಟ್ಟಿಗೆ ನಡೆಯಬೇಕು. ಕ್ಯಾಂಪಿನ ಶಾಲೆ ಬದಲಾಗಬೇಕು. ಸಭೆ ಭಾನುವಾರ ಅಥವಾ ಸಂಜೆ ಇರಬೇಕು. ಮೊದಲ ಸಹಿ ತೋಡಿನ ಬದಿಯ ಅಕ್ಕನದ್ದು.

ಯೋಜನೆ ಮಾಡಿದವರು ಬರುವವರೆಗೆ ನಾವು ಸುಮ್ನೆ ಕೂರುವುದು ಬೇಡ. ಈ ಭಾನುವಾರ ಮೂರು ಗಂಟೆಗೆ ಆ ಮೋರಿಯ ಹತ್ತಿರ ಸೇರಿ ತೋಡಿನ ಉದ್ದಕ್ಕೂ ನಡೆಯುತ್ತೇವೆ. ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕಂಬ, ಗೋಡೆಗಳ ಮೇಲೆ ಗುರುತು ಹಾಕುವುದು ಮೊದಲ ಕೆಲಸ. ಹಳೆಯ ನೆರೆಯ ಫೋಟೋ ಇರುವವರು ಫೋನಿನಲ್ಲಿ ತೆಗೆದಿಟ್ಟುಕೊಂಡು ಬನ್ನಿ. ಒಬ್ಬರು ಅಳತೆ ಟೇಪು ತಂದರೆ ಒಳ್ಳೆಯದು, ನಮ್ಮಲ್ಲಿ ಇಲ್ಲ.