ನಿದ್ರಾರೋಗ: ಊರೂರಿಗೆ ತಪಾಸಣಾ ತಂಡ ಇನ್ನೂ ಬೇಕೇ?

ತ್ಸೆತ್ಸೆ ನೊಣದ ಕಡಿತದಿಂದ ಹರಡುವ ಆಫ್ರಿಕಾದ ನಿದ್ರಾರೋಗ ಈಗ ತುಂಬಾ ಇಳಿದಿದೆ. 2018ರಲ್ಲಿ ಇಡೀ ಖಂಡದಲ್ಲಿ ಪತ್ತೆಯಾದವರು ಸಾವಿರಕ್ಕಿಂತ ಕಡಿಮೆ. ಹೆಚ್ಚಿನವರು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದವರು. ಇಷ್ಟಾದ ಮೇಲೂ ಹಳ್ಳಿ ಹಳ್ಳಿಗೆ ಹೋಗಿ ಎಲ್ಲರ ರಕ್ತ ನೋಡುತ್ತಾ ಇರಬೇಕೇ?

ಪರ

1960ರ ದಶಕದಲ್ಲೂ ಹೀಗೇ ಆಗಿತ್ತು. ರೋಗ ಹೆಚ್ಚುಕಡಿಮೆ ಹೋಗೇಬಿಟ್ಟಿತ್ತು. ಹುಡುಕುವ ಕೆಲಸ ಸಡಿಲವಾಯಿತು, ಆಮೇಲೆ ಯುದ್ಧಗಳು ಬಂದವು. 1998ರಲ್ಲಿ ದಾಖಲಾದವರೇ ಸುಮಾರು 40,000. ಲೆಕ್ಕಕ್ಕೆ ಸಿಗದವರು 3 ಲಕ್ಷ ಇರಬಹುದು ಎಂಬ ಅಂದಾಜಿತ್ತು.

ಇದು ಅಡಗಿ ಕೂರುವ ರೋಗ. ಮೊದಲು ಜ್ವರ, ತಲೆನೋವು, ಕೀಲುನೋವು ಅಷ್ಟೇ. ಮಲೇರಿಯಾ ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಗ್ಯಾಂಬಿಯೆನ್ಸೆ ಬಗೆಯಂತೂ ವರ್ಷಗಟ್ಟಲೆ ಹೀಗೇ ಇರಬಲ್ಲದು. ಹಗಲೆಲ್ಲ ತೂಕಡಿಕೆ, ರಾತ್ರಿ ಎಚ್ಚರ, ಅಸಂಬದ್ಧ ಮಾತು ಶುರುವಾಗುವ ಹೊತ್ತಿಗೆ ರೋಗಾಣು ಮಿದುಳು ಸೇರಿರುತ್ತದೆ. ಅಷ್ಟರಲ್ಲಿ ಆ ರೋಗಿಯನ್ನು ಕಚ್ಚಿದ ನೊಣಗಳು ಇನ್ನೆಷ್ಟು ಜನಕ್ಕೆ ಅಂಟಿಸಿರುತ್ತವೋ! ಲಸಿಕೆಯಂತೂ ಇಲ್ಲ. ಹುಷಾರಾಗಿದ್ದೇನೆ ಅಂದುಕೊಂಡವನು ತಾನಾಗಿ ಆಸ್ಪತ್ರೆಗೆ ಬರುವುದಿಲ್ಲ ಅಲ್ವಾ? ತಂಡವೇ ಅವನ ಮನೆ ಬಾಗಿಲಿಗೆ ಹೋಗಬೇಕು.

ವಿರೋಧ

1998ರ ಕಥೆ ಹೇಳಿ ಹೆದರಿಸುವವರು ಆಗ ಕೈಯಲ್ಲಿದ್ದ ಔಷಧಿ ಯಾವುದು ಅನ್ನುವುದನ್ನೂ ಹೇಳಬೇಕು. ರೋಗ ಮಿದುಳಿಗೆ ಏರಿದವರಿಗೆ ಆರ್ಸೆನಿಕ್ ಇರುವ ಮೆಲಾರ್ಸೊಪ್ರಾಲ್ ಇಂಜೆಕ್ಷನ್. ಅದನ್ನು ಪಡೆದ 100 ಜನರಲ್ಲಿ ಸುಮಾರು 5 ಮಂದಿ ಔಷಧಿಯಿಂದಲೇ ಸಾಯುತ್ತಿದ್ದರು. ರೋಗ ಯಾವ ಹಂತದಲ್ಲಿದೆ ಎಂದು ತಿಳಿಯಲು ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯಬೇಕಿತ್ತು. ಜನ ಹಿಂಜರಿದರೆ ತಪ್ಪೇನು?

2018ರ ಕೊನೆಗೆ ಕಾಂಗೋದಲ್ಲಿ ಫೆಕ್ಸಿನಿಡಜೋಲ್ ಎಂಬ ಹೊಸ ಔಷಧಿಗೆ ಒಪ್ಪಿಗೆ ಸಿಕ್ಕಿತು. 10 ದಿನ ಮಾತ್ರೆ, ಊಟದ ಜೊತೆ. ಎಷ್ಟೋ ಜನರಿಗೆ ಬೆನ್ನಿನ ಸೂಜಿಯೂ ಬೇಡ. ಬೆರಳ ತುದಿಯ ರಕ್ತದಲ್ಲೇ ನೋಡುವ ರ‍್ಯಾಪಿಡ್ ಟೆಸ್ಟ್ ಕೂಡ ಬಂದಿದೆ. ಇವನ್ನು ಹಳ್ಳಿಯ ಆರೋಗ್ಯ ಕೇಂದ್ರದ ನರ್ಸ್ ಕೈಗೆ ಕೊಡಿ. ಜ್ವರ ಅಂತ ಬಂದವರಿಗೆ ಮಲೇರಿಯಾ ಜೊತೆ ಇದನ್ನೂ ನೋಡಿಬಿಡುತ್ತಾರೆ. (ಆ ನರ್ಸ್‌ಗೆ ಸಂಬಳ ಸರಿಯಾಗಿ ಬರಬೇಕು, ಅದು ಬೇರೆ ಮಾತು.) ರೋಗ ಅಪರೂಪವಾದಷ್ಟೂ ಸಾಮೂಹಿಕ ಪರೀಕ್ಷೆಯಲ್ಲಿ ‘ಇದೆ’ ಅಂತ ಬಂದವರಲ್ಲಿ ನಿಜವಾದ ರೋಗಿಗಳು ಕಮ್ಮಿ. ಉಳಿದವರಿಗೆ ಸುಮ್ನೆ ಗಾಬರಿ.

ಉಳಿದ ದುಡ್ಡು ನೊಣದ ಕಡೆ ತಿರುಗಲಿ. ಚಾಡ್‌ನ ಮಂಡೂಲ್‌ನಲ್ಲಿ ಕೀಟನಾಶಕ ಹಚ್ಚಿದ ಪುಟ್ಟ ನೀಲಿ ಬಟ್ಟೆಗಳನ್ನು ನೀರಿನ ಅಂಚಿನಲ್ಲಿ ನಿಲ್ಲಿಸಿದರು. ಆ ಬಣ್ಣಕ್ಕೆ ಮರುಳಾಗಿ ಬಂದು ತಾಗಿದ ನೊಣ ಸಾಯುತ್ತದೆ. ಅಲ್ಲಿ ತಪಾಸಣೆಯೂ ನಡೆದಿತ್ತು, ನಿಜ. ಆದರೆ ನೊಣ ಕಮ್ಮಿಯಾದ ಮೇಲೆ ರೋಗ ಬೇಗ ಇಳಿಯಿತು. ತಂಡಗಳನ್ನು ಪೂರ್ತಿ ಕಳಚುವುದು ಬೇಡ. ರೋಗಿ ಸಿಕ್ಕ ಹಳ್ಳಿಗೂ ಅದರ ಅಕ್ಕಪಕ್ಕದ ಊರುಗಳಿಗೂ ಅವು ಹೋಗಲಿ.