ಇದು ಯಾವುದರ ಫೋಟೋ?

ನಾನು ತೆಗೆದ ಚಿತ್ರಗಳನ್ನು ನೋಡಿದವರು ಮೊದಲು ಕೇಳುವುದು, "ಇದು ಯಾವುದರ ಫೋಟೋ?" ಆಮೇಲೆ ಸ್ವಲ್ಪ ಕನಿಕರದಿಂದ, "ಮೊಬೈಲ್ ಕೈ ಜಾರಿತ್ತೇ?" ಇದೇ ಜನ ಅಮೂರ್ತ ವರ್ಣಚಿತ್ರದ ಎದುರು ಕೈಕಟ್ಟಿ ನಿಂತು, ತಲೆ ಓರೆ ಮಾಡಿ, ಗಂಭೀರವಾಗಿ ಹೂಂಗುಟ್ಟುತ್ತಾರೆ. ಪೇಂಟಿಂಗ್ ಅರ್ಥವಾಗದಿದ್ದರೆ ತಮ್ಮ ತಿಳಿವಳಿಕೆಯ ಮೇಲೆ ಅನುಮಾನ, ಫೋಟೋ ಅರ್ಥವಾಗದಿದ್ದರೆ ತೆಗೆದವನ ಮೇಲೆ!

ತಪ್ಪು ಅವರದಲ್ಲ. ಚಿತ್ರಕಾರನಿಗೆ ಕೆಂಪು ಬೇಕೆಂದರೆ ಕುಂಚ ಅದ್ದಿದರಾಯಿತು. ನನಗೆ ಕೆಂಪು ಬೇಕೆಂದರೆ ತುಕ್ಕು ಹಿಡಿದ ಗೇಟನ್ನೋ ಒಡೆದ ಬಕೆಟ್ಟನ್ನೋ ಹುಡುಕಿಕೊಂಡು ಹೋಗಬೇಕು. ಲೆನ್ಸಿನ ಮುಂದೆ ಏನಾದರೂ ಇರಲೇಬೇಕಲ್ಲ! ಚಿತ್ರಕಾರರು ವಸ್ತುವಿನ ಹಂಗು ತೊರೆದ ಕಾಲದಲ್ಲಿ, 1917ರ ಹೊತ್ತಿಗೆ, ಆಲ್ವಿನ್ ಲ್ಯಾಂಗ್‌ಡನ್ ಕೋಬರ್ನ್ ಎಂಬ ಛಾಯಾಗ್ರಾಹಕ ಮೂರು ಕನ್ನಡಿಗಳನ್ನು ತ್ರಿಕೋನವಾಗಿ ಜೋಡಿಸಿ, ಅದರ ಮೂಲಕ ಫೋಟೋ ತೆಗೆದು ಈ ಕಾಟದಿಂದ ಪಾರಾಗಲು ನೋಡಿದ. ನನಗೇನೋ ಆ ಕಾಟವೇ ಇಷ್ಟ. ಕಣ್ಣಿಗೆ ಇದು ನಿಜವಾಗಿ ಎಲ್ಲೋ ಇದ್ದ ವಸ್ತು ಎಂದು ಗೊತ್ತಾಗುತ್ತದೆ, ಆದರೆ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಪೇಂಟಿಂಗ್ ಈ ತುರಿಕೆ ಹುಟ್ಟಿಸಲಾರದು.

ನಮ್ಮ ಮನೆಯ ಗೋಡೆಯೊಂದು ನೀರು ಸೋರಿ, ಬಣ್ಣ ಉಬ್ಬಿ, ಹಕ್ಕಳೆ ಹಕ್ಕಳೆಯಾಗಿ ಎದ್ದು ನಿಂತಾಗ ಮನೆಯವರೆಲ್ಲ ತಲೆಯ ಮೇಲೆ ಕೈಹೊತ್ತರು. ನಾನು ಕ್ಯಾಮೆರಾ ತಂದೆ. ಆರನ್ ಸಿಸ್ಕಿಂಡ್ ಎಂಬ ಅಮೆರಿಕದ ಛಾಯಾಗ್ರಾಹಕ 1940ರ ದಶಕದಿಂದ ಇಂಥ ಗೋಡೆಗಳನ್ನೇ ತೆಗೆದು ಹೆಸರಾದ, ಚಿತ್ರಕಾರ ಫ್ರಾಂಜ್ ಕ್ಲೈನ್ ಅವನ ಗೆಳೆಯ, ಕ್ಲೈನ್ ತೀರಿಕೊಂಡ ಮೇಲೆ ಅವನ ನೆನಪಿಗೆ ಗೋಡೆಗಳದೇ ಒಂದು ಚಿತ್ರಮಾಲೆ ಮಾಡಿದ ಎಂದು ಚಿಕ್ಕಪ್ಪನಿಗೆ ವಿವರಿಸಿದೆ. ಚಿಕ್ಕಪ್ಪ ಯೋಚಿಸಿ, "ಅವನದು ಬಾಡಿಗೆ ಮನೆ ಇರಬೇಕು" ಎಂದರು.

ಸಂಜೆಯ ಓರೆ ಬಿಸಿಲು ಬೀಳಲಿ ಎಂದು ಕಾಯುತ್ತಿದ್ದಾಗ, ಅಕ್ಕ ಕರೆಸಿದ್ದ ಬಣ್ಣದವನು ಬಂದು ನನ್ನ ಅರ್ಧ ಕಲಾಕೃತಿಯನ್ನು ಕೆರೆದು ಹಾಕಿದ. ಉಳಿದರ್ಧಕ್ಕೆ ಗಡುವು ಕೇಳಿಕೊಂಡೆ. ಆಮೇಲೆ ನೋಡಿದರೆ, ಅವನು ನೆಲಕ್ಕೆ ಹಾಸಿದ್ದ ಬಟ್ಟೆ ವರ್ಷಗಟ್ಟಲೆ ಬಣ್ಣ ಕುಡಿದು ಗೋಡೆಗಿಂತಲೂ ಸೊಗಸಾಗಿತ್ತು. ನಾನು ಬಗ್ಗಿದ್ದೇ ತಡ, ಪಾಪ, ಅವನು ಸಂಕೋಚದಿಂದ ಅದನ್ನು ಮಡಚಿ ಬಗಲಿಗೆ ಸೇರಿಸಿದ. "ಇದು ಕೊಳೆ ಸರ್, ಗೋಡೆ ಚೆನ್ನಾಗಿ ಬಂದಿದೆ, ಅದನ್ನು ತೆಗೆಯಿರಿ." ಅಚ್ಚ ಬಿಳಿ ಗೋಡೆಯನ್ನು, ಅವನ ಮನಸ್ಸು ನೋಯಬಾರದೆಂದು, ತೆಗೆದೆ.

ಹಳೆಯ ಗೋಡೆಯ ಉಳಿದರ್ಧ ದೊಡ್ಡದಾಗಿ ಮುದ್ರಣಗೊಂಡು, ಚೌಕಟ್ಟು ಸೇರಿ, ಅದೇ ಬಿಳಿ ಗೋಡೆಯನ್ನೇರಿತು. ಧೂಳು ಹೊಡೆಯಲು ಇಳಿಸಿದ ಅಕ್ಕನ ಮಗ ಅದನ್ನು ತಲೆಕೆಳಗಾಗಿ ತೂಗುಹಾಕಿದ. ಯಾರೂ ಗಮನಿಸಲಿಲ್ಲ. ನಾನು ಗಮನಿಸಿದರೂ ಸುಮ್ಮನಿದ್ದೆ, ಏಕೆಂದರೆ ಹಾಗೇ ಹೆಚ್ಚು ಚೆನ್ನಾಗಿತ್ತು. ಇದಕ್ಕೆ ದೊಡ್ಡವರ ಆಧಾರವೂ ಇದೆ: 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಫ್ರೆಂಚ್ ಚಿತ್ರಕಾರ ಮಾಟೀಸನ ದೋಣಿಯ ಚಿತ್ರ 47 ದಿನ ತಲೆಕೆಳಗಾಗಿಯೇ ತೂಗುತ್ತಿತ್ತು. ಬಂದವರು ಮೆಚ್ಚಿಕೊಂಡೇ ಹೋಗುತ್ತಿದ್ದರು.

ನನ್ನದನ್ನು ಪತ್ತೆ ಹಚ್ಚಿದವನು ನಲ್ಲಿ ರಿಪೇರಿಗೆ ಬಂದ ಪ್ಲಂಬರ್. ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಅಂತೂ ಒಬ್ಬ ರಸಿಕ ಸಿಕ್ಕಿದನೆಂದು ಹಿಗ್ಗಿ ಹತ್ತಿರ ಹೋದೆ.

"ಪೈಪ್ ಒಡೆದದ್ದು ಮೇಲಿನ ಬಲಮೂಲೆಯಲ್ಲಿ ಸರ್," ಎಂದ ಅವನು. "ನೀರು ಕೆಳಗಿನಿಂದ ಮೇಲಕ್ಕೆ ಇಳಿಯುವುದಿಲ್ಲ. ಫ್ರೇಮ್ ತಿರುಗಿಸಿ."