ನಾ ಕರೆದಾಗ,

ಕಳೆದ ವರ್ಷ ತೀರಿಕೊಂಡ ಅಣ್ಣ, ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ ನಲುವತ್ತು ವರ್ಷ ತಾಳಮದ್ದಳೆಗೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಭಾಗವತಿಕೆ ಮಾಡಿದವನು, ಅಂದರೆ ಪದ್ಯ ಹಾಡಿದವನು, ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಪದ್ಯವನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದಾನೆ. ಮೇಲೆ ‘ನೀಲಾಂಬರಿ, ಝಂಪೆ’ ಎಂದು ರಾಗ, ತಾಳ ಬರೆದಿದೆ. ಕೆಳಗೆ ಎರಡೇ ಸಾಲು:

ಹಾಳೆಯಲಿ ಕುಳಿತಿದ್ದ ತಂಗಿಯನು ಎಳೆಯುತಲಿ
ತೋಟದೊಳು ತಿರುಗಿದನು ತಮ್ಮ, ನಾ ಕರೆದಾಗ,

ಹಾಳೆ ಎಂದರೆ ಅಡಿಕೆ ಹಾಳೆ, ಮರದಿಂದ ಬೀಳುವ ಸೋಗೆಯ ಅಗಲವಾದ ಬುಡ. ಆ ಅಲ್ಪವಿರಾಮದ ಮುಂದೆ ಏನೂ ಇಲ್ಲ.

ಅವನ ಆ ತಂಗಿ, ಆ ತಮ್ಮ ನನಗೆ ಅಕ್ಕ ಮತ್ತು ಇನ್ನೊಬ್ಬ ಅಣ್ಣ. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಡೆಯ ಮಳೆಗಾಲದಲ್ಲಿ, ಅಂದರೆ 1956ರಲ್ಲಿ, ಹತ್ತು ದಿನಗಳ ಅಂತರದಲ್ಲಿ ಇಬ್ಬರೂ ಜ್ವರದಿಂದ ಹೋದರು. ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಅವರ ಫೋಟೋ ಒಂದೂ ಇಲ್ಲ. ಆರು ವರ್ಷ ಮಾತ್ರ ಬದುಕಿದ್ದವಳನ್ನು ಈ ವಯಸ್ಸಿನಲ್ಲೂ ನಾನು ಅಕ್ಕ ಎಂದೇ ಕರೆಯಬೇಕು.

ಅಣ್ಣನ ವರ್ಷಾಂತಿಕದ ತಾಳಮದ್ದಳೆ ಕೂಟಕ್ಕೆ ಈ ಪದ್ಯವನ್ನು ಪೂರ್ತಿಗೊಳಿಸಿ ಹಾಡಿಸೋಣ ಎಂಬ ಸಲಹೆ ಬಂದಿದೆ. ಪಾಶ್ಚಾತ್ಯ ಸಂಗೀತಗಾರ ಮೊಜಾರ್ಟ್‌ನ ರಿಕ್ವಿಯಂ (ಸತ್ತವರಿಗಾಗಿ ಹಾಡುವ ಚರ್ಚಿನ ಪ್ರಾರ್ಥನೆಯ ಸಂಗೀತ) ಕೂಡ ಬೇರೆಯವರಿಂದ ಪೂರ್ತಿಯಾದದ್ದಲ್ಲವೇ ಎಂದು ಓದಿಕೊಂಡ ಸ್ನೇಹಿತರೊಬ್ಬರು ಕೇಳಿದರು. ನಿಜ, 1791ರ ಡಿಸೆಂಬರ್ 5ರಂದು ಅವನು ಸತ್ತಾಗ ಅದರ ‘ಲಾಕ್ರಿಮೋಸ’ ಭಾಗ ಎಂಟು ಆವರ್ತಗಳಿಗೇ ನಿಂತಿತ್ತು. ಬರೆಸಿದವರಿಂದ ಬಾಕಿ ಹಣ ಬರಬೇಕಿದ್ದುದರಿಂದ ಹೆಂಡತಿ ಕೊನೆಗೆ ಅದನ್ನು ಅವನ ಸಹಾಯಕ ಸ್ಯೂಸ್‌ಮಾಯರ್‌ನಿಂದ ಪೂರ್ತಿ ಮಾಡಿಸಿದಳು. (ಮೊಜಾರ್ಟ್ ಕೂಡ ನನ್ನಂತೆ ಕಡೆಯ ಕೂಸು, ಏಳು ಮಕ್ಕಳಲ್ಲಿ ಐವರು ಹಸುಳೆಗಳಾಗಿದ್ದಾಗಲೇ ಹೋಗಿ, ಉಳಿದವರು ಅವನು ಮತ್ತು ಅಕ್ಕ ನಾನರ್ಲ್.) ಆದರೆ ಆ ಕೃತಿಯ ಮಾತುಗಳು ಚರ್ಚಿನ ಲ್ಯಾಟಿನ್ ಪ್ರಾರ್ಥನೆಯಲ್ಲಿ ಮೊದಲೇ ಇದ್ದವು, ತುಂಬಬೇಕಾದದ್ದು ಸಂಗೀತವನ್ನಷ್ಟೇ. ನಮ್ಮಲ್ಲಿ ಅದು ತಿರುವುಮುರುವು: ರಾಗವೂ ತಾಳವೂ ಇವೆ, ಮಾತಿಲ್ಲ.

ಝಂಪೆಗೆ ಬೇಕಾದ ಐದೈದು ಮಾತ್ರೆಯ ಗಣ ಹೊಂದಿಸುವುದು ನನಗೂ ಬರುತ್ತದೆ. ಆದರೆ ಅಣ್ಣ ಕರೆದಾಗ ಆ ಇಬ್ಬರು ಏನು ಮಾಡಿದರು? ನಿಂತರೇ, ನಕ್ಕರೇ, ಕೇಳಿಸದವರಂತೆ ಹಾಳೆ ಎಳೆದುಕೊಂಡು ಓಡಿದರೇ? ಕಂಡಿದ್ದವನು ಅಣ್ಣನೊಬ್ಬನೇ. ಅಲ್ಲಿ ನಾನು ಏನೇ ಬರೆದರೂ, ನಾನು ಕಾಣದ ಅಕ್ಕನ ಬಗ್ಗೆ ಹೇಳುವ ಸುಳ್ಳಾಗುತ್ತದೆ. ಅದನ್ನು ಹಾಡಿದ ಮೇಲೆ ಮೊಮ್ಮಕ್ಕಳು ನಿಜವೆಂದೇ ನಂಬುತ್ತಾರೆ.

ಕೂಟದಲ್ಲಿ ಎರಡೇ ಸಾಲು ಹಾಡಿಸುತ್ತೇನೆ. ಮುಕ್ತಾಯ ಬಾರಿಸಬೇಡಿ ಎಂದು ಮದ್ದಳೆಯವರಿಗೆ ಹೇಳಿಟ್ಟಿದ್ದೇನೆ.